ಅತ್ತೆ ಕಿತ್ತ ಸಣ್ಣ ವಾಯರು

ನೆಟ್‌ವರ್ಕ್ ಇಲ್ಲವೆಂದು ಯಾರಾದರೂ ನನ್ನೆದುರು ಸಿಡಿಮಿಡಿಗೊಂಡರೆ ನಾನು ಅವರ ಜೊತೆ ದನಿಗೂಡಿಸುವುದಿಲ್ಲ. ನೀವು ಬೈದುಕೊಳ್ಳಿ, ನಿಮಗೆ ಅವಸರದ ಕೆಲಸಗಳಿರುತ್ತವೆ. ರೈಲಿನ ತಿಕೀಟು, ಮಗಳ ಫಲಿತಾಂಶ, ಗ್ಯಾಸಿನ ಬುಕಿಂಗು, ಎಲ್ಲಕ್ಕೂ ಈಗ ಅದೇ ಬೇಕು. ನನಗೆ ಮಾತ್ರ ‘ಸರ್ವರ್ ಸಿಗುತ್ತಿಲ್ಲ’ ಎಂಬ ಸೂಚನೆ ಕಂಡ ಕೂಡಲೇ ಕೈಮುಗಿಯಬೇಕು ಅನ್ನಿಸುತ್ತದೆ. ಒಮ್ಮೆ ಬ್ಯಾಂಕಿನ ಸಾಲಿನಲ್ಲಿ ನಿಂತಿದ್ದಾಗ ಕೌಂಟರಿನ ಹುಡುಗಿ ‘ಲಿಂಕ್ ಇಲ್ಲ’ ಎಂದು ಕೂಗಿದಳು. ಎಲ್ಲರೂ ಗೊಣಗಿದರು, ನಾನೊಬ್ಬಳೇ ‘ಇರಲಿ ಬಿಡ್ರಿ, ಪಾಪ’ ಎಂದೆ. ಹಿಂದೆ ನಿಂತವರು ನಾನೂ ಬ್ಯಾಂಕಿನವಳೇ ಇರಬೇಕೆಂದುಕೊಂಡರು.

ಮೊನ್ನೆ ಅಟ್ಟದ ಮೇಲಿನ ಸಾಮಾನು ಇಳಿಸುವಾಗ ಒಂದು ಸೀರೆಯ ತುಂಡು ಸಿಕ್ಕಿತು. ಅತ್ತೆಯ ಹಳೆಯ ನೂಲಿನ ಸೀರೆ. ಹಸಿರು ಮಾಸಿ ಬೂದಿ ಬಣ್ಣಕ್ಕೆ ಬಂದಿದೆ. ಅದನ್ನು ನಾಲ್ಕು ಮಡಿಕೆ ಮಾಡಿ, ಮೂಲೆಗಳಿಗೆ ಕಸೆ ಹೊಲಿದು ನಮ್ಮ ಮೊದಲ ಕಂಪ್ಯೂಟರಿಗೆ ನಾನೇ ಹೊದಿಕೆ ಮಾಡಿದ್ದೆ. ಆ ಕಾಲದಲ್ಲಿ ಮಿಕ್ಸರಿಗೆ, ಟೀವಿಗೆ, ಹೊಲಿಗೆ ಯಂತ್ರಕ್ಕೆ ಎಲ್ಲಕ್ಕೂ ಹೊದಿಕೆ ಇರಬೇಕು. ಮನೆಯ ಹೆಂಗಸಿಗೆ ಶಾಲು ಇರದಿದ್ದರೂ ನಡೆಯುತ್ತಿತ್ತು. ತುಂಡನ್ನು ಹಿಡಿದುಕೊಂಡು ಏಣಿಯ ಮೇಲೆಯೇ ಕುಳಿತುಬಿಟ್ಟೆ. ಕೆಳಗೆ ಏಣಿ ಹಿಡಿದು ನಿಂತಿದ್ದ ನಮ್ಮವರು ‘ಇಳಿಯಾಕಿ ಹೌದೋ ಅಲ್ಲೋ?’ ಎಂದು ಎರಡು ಸಲ ಕೇಳಿದರು. ನಾನು ಆಗಲೇ ಬಹಳ ದೂರ ಹೋಗಿದ್ದೆ.

ನಾನು ಬೇಡಗದವಳು. ಮಿರಜದ ಮಗ್ಗುಲ ಹಳ್ಳಿ. ನಮ್ಮದು ಒಕ್ಕಲುತನದ ಜೈನರ ಮನೆ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ಮರಾಠಿ. ಮದುವೆಯಾಗಿ ಮಿರಜಕ್ಕೆ ಬಂದರೆ ಇಲ್ಲಿಯೂ ಅದೇ ಏರ್ಪಾಡು. ನಮ್ಮವರು ಖುಷಿಯಲ್ಲಿದ್ದಾಗ ಮರಾಠಿ ಆಡುತ್ತಾರೆ, ಸಿಟ್ಟು ಬಂದಾಗ ಕನ್ನಡ. ಮದುವೆಯಾದ ಮೊದಲ ವರ್ಷ ನನಗೆ ಅವರ ಕನ್ನಡವೇ ಹೆಚ್ಚು ಪರಿಚಯವಾಯಿತು.

ಅವರದು ಕುಪವಾಡದ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಒಂದು ಕಾರ್ಖಾನೆ. ಕಾರ್ಖಾನೆ ಎನ್ನುವುದು ನಮ್ಮ ಅಭಿಮಾನ. ಒಂದು ತಗಡಿನ ಶೆಡ್ಡು, ಮೂರು ಲೇಥು. ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯುವ ಪಂಪಿನ ತುದಿಗೆ ಹಾಕುವ ಹಿತ್ತಾಳೆಯ ನಾಝಲ್ ಅಲ್ಲಿ ತಯಾರಾಗುತ್ತಿತ್ತು. ಹುಳ ಕೊಲ್ಲುವ ಧಂದೆಗೆ ಮಗ ಕೈಹಾಕಿದನಲ್ಲ ಎಂದು ಅತ್ತೆಗೆ ಕೊನೆಯವರೆಗೂ ಕೊರಗು. ‘ನಾವು ಬರೇ ಹಿತ್ತಾಳಿ ಮಾಡ್ತೇವಿ ಅವ್ವಾ, ಔಷಧಾ ಹೊಡಿಯಾವ್ರು ಬ್ಯಾರೆ’ ಎಂದು ಇವರು ಸಮಜಾಯಿಷಿ ಕೊಟ್ಟರೆ, ಅತ್ತೆ ‘ಹೌದಪಾ, ಹುಳಕ್ಕ ಅದನ್ನ ಹೇಳು’ ಎನ್ನುತ್ತಿದ್ದರು.

ದೇಶದ ಬಾಗಿಲು ತೆರೆಯಿತು ಎಂದು ಪೇಪರಿನವರು ಬರೆಯುತ್ತಿದ್ದ ಕಾಲ ಅದು. ನಮ್ಮ ಕಣ್ಣಿಗೆ ಕಂಡದ್ದು ಇಷ್ಟು: ಸಾಂಗಲಿ-ಮಿರಜ ರಸ್ತೆಯ ಬದಿಗೆ ಹೊಲಗಳಿದ್ದಲ್ಲಿ ಮೋಟರ್‌ಸೈಕಲ್ ಶೋರೂಮು ಎದ್ದವು, ಎಸ್‌ಟಿಡಿ ಬೂತಿನವರು ಕಂಪ್ಯೂಟರ್ ಕ್ಲಾಸು ತೆಗೆದರು, ಮತ್ತು ನಾಸಿಕದ ಗಿರಾಕಿಯೊಬ್ಬರು ಫೋನಿನಲ್ಲಿ ‘ನಿಮ್ಮ ಇಮೇಲ್ ಕೊಡಿ’ ಎಂದರು. ನಮ್ಮವರು ‘ಕೊಡತೇವ್ರಿ, ಎಂಟ ದಿನದಾಗ ಕಳಸ್ತೇವಿ’ ಎಂದು ಒಪ್ಪಿಕೊಂಡರು. ಫೋನು ಇಟ್ಟಮೇಲೆ ನನ್ನನ್ನು ಕೇಳಿದರು, ಅದು ಯಾವ ಅಳತೆಯ ಮಾಲು ಇರಬಹುದು ಎಂದು.

ಹೀಗೆ ನಾನು ಮೂವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿಯಲು ಹೋದೆ. ಔಷಧಿ ಅಂಗಡಿಯ ಮೇಲಿನ ಮಾಳಿಗೆ. ಸುತ್ತ ಕಾಲೇಜಿನ ಹುಡುಗಿಯರು. ನಿಂತುಹೋದ ಪ್ರೋಗ್ರಾಮನ್ನು ‘ಕಿಲ್ ಮಾಡ್ರಿ’ ಎಂದು ಕಲಿಸುವವರು ಹೇಳಿದರೆ ನನ್ನ ಕೈ ತಡೆಯುತ್ತಿತ್ತು. ‘ಮುಗಸತೇನ್ರಿ’ ಎಂದು ಹೇಳಿ ಆಮೇಲೆ ಗುಂಡಿ ಒತ್ತುತ್ತಿದ್ದೆ. ಹುಡುಗಿಯರು ನಕ್ಕರು, ಆದರೆ ಕಲಿಸಿದರು. ನಮ್ಮ ಮೊದಲ ಕಂಪ್ಯೂಟರು ಬಂದಾಗ ಅವರಲ್ಲಿಬ್ಬರು ಮನೆಗೆ ಬಂದು ಎಲ್ಲ ವಾಯರು ಜೋಡಿಸಿಕೊಟ್ಟು, ಅವಲಕ್ಕಿ ತಿಂದು ಹೋದರು. ಆ ಮಕ್ಕಳ ಹೆಸರು ಈಗ ನೆನಪಿಲ್ಲ. ಎಲ್ಲಿದ್ದರೂ ಅವರ ಹೊಟ್ಟೆ ತಣ್ಣಗಿರಲಿ.

ಕಾರ್ಖಾನೆಯಲ್ಲಿ ಹಿತ್ತಾಳೆಯ ಪುಡಿ ಹಾರುತ್ತದೆಂದು ಕಂಪ್ಯೂಟರನ್ನು ಮನೆಯ ಪಡಸಾಲೆಯಲ್ಲಿಟ್ಟೆವು. ಅದರಲ್ಲಿ ಟಪಾಲಿಗೆಂದೇ ಒಂದು ಪ್ರೋಗ್ರಾಮು ಇತ್ತು. ಪತ್ರ ಬರೆದು ‘ಕಳಿಸು’ ಎಂದು ಒತ್ತಿದರೆ ಅದು ‘ಔಟ್‌ಬಾಕ್ಸ್’ ಎಂಬ ಖಾನೆಯಲ್ಲಿ ಹೋಗಿ ಕೂರುತ್ತಿತ್ತು. ಫೋನಿನ ಲೈನನ್ನು ಮೋಡೆಮ್ ಎಂಬ ಸಣ್ಣ ಪೆಟ್ಟಿಗೆಗೆ ಜೋಡಿಸಿದ್ದೆವು. ಅದು ಕಿರ್ರೆಂದು ಕಿರುಚಿ, ಕೆಮ್ಮಿ, ಅದೃಷ್ಟವಿದ್ದರೆ ಎರಡು ನಿಮಿಷಕ್ಕೆ ಸರ್ವರನ್ನು ಹಿಡಿಯುತ್ತಿತ್ತು. ಹಿಡಿದ ಮೇಲೆ ಔಟ್‌ಬಾಕ್ಸಿನಲ್ಲಿ ಏನಿದ್ದರೂ ತಾನಾಗಿ ಹೊರಟುಹೋಗುತ್ತಿತ್ತು. ಇದೊಂದು ಸಂಗತಿಯನ್ನು ನೀವು ನೆನಪಿಟ್ಟುಕೊಂಡರೆ ಸಾಕು, ಉಳಿದ ತಾಂತ್ರಿಕ ವಿಷಯ ನನಗೂ ತಿಳಿಯದು.

ಆ ಪ್ರೋಗ್ರಾಮಿನಿಂದ ನಾನು ಮಾಡಿದ ಮೊದಲ ದೊಡ್ಡ ಸಾಹಸವನ್ನು ಹೇಳಿಬಿಡುತ್ತೇನೆ. ನಮ್ಮಲ್ಲಿ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿ ಎಂದು ಮಾಡುತ್ತೇವೆ. ಅಂದು ಕಂಡವರನ್ನೆಲ್ಲ ಕ್ಷಮೆ ಕೇಳಬೇಕು. ತಪ್ಪು ನೆನಪಿರಲಿ ಬಿಡಲಿ. ಹಿಂದೆ ಕಾರ್ಡು ಬರೆಯುತ್ತಿದ್ದೆವು. ನಾನು ಹೊಸ ಉಮೇದಿನಲ್ಲಿ ‘ತಿಳಿದೋ ತಿಳಿಯದೆಯೋ ಮನಸ್ಸಿನಿಂದ, ಮಾತಿನಿಂದ, ಕೃತಿಯಿಂದ ನಿಮಗೆ ತೊಂದರೆ ಕೊಟ್ಟಿದ್ದರೆ ಕ್ಷಮಿಸಿ’ ಎಂದು ಇಂಗ್ಲಿಷಿನಲ್ಲಿ ಬರೆದು, ವಿಳಾಸದ ಪಟ್ಟಿಯಲ್ಲಿದ್ದ ಎಲ್ಲರಿಗೂ ಒಂದೇ ಏಟಿಗೆ ಕಳಿಸಿದೆ. ಆ ಪಟ್ಟಿಯಲ್ಲಿ ಆಫ್ರಿಕದ ಒಂದು ಹೂದೋಟದವರೂ ಇದ್ದರು. ಮರುದಿನ ಅವರ ಉತ್ತರ ಬಂತು: ‘ದಯವಿಟ್ಟು ಯಾವ ಪೆಟ್ಟಿಗೆಯಲ್ಲಿ ದೋಷವಿದೆ ಎಂದು ತಿಳಿಸಿ. ನಾವು ನಿಮ್ಮ ಎಲ್ಲ ನಾಝಲ್‌ಗಳನ್ನು ಬಿಚ್ಚಿ ಇಟ್ಟಿದ್ದೇವೆ.’

ನಮ್ಮವರು ಅಂದು ಬಹಳ ಕನ್ನಡ ಮಾತಾಡಿದರು. ನಾನು ಇಡೀ ಧರ್ಮವನ್ನು ಹತ್ತು ಸಾಲಿನಲ್ಲಿ ವಿವರಿಸಿ ಇನ್ನೊಂದು ಪತ್ರ ಬರೆದೆ. ಅವರ ಮ್ಯಾನೇಜರರು ಏನು ಬರೆದರು ಗೊತ್ತೇ? ‘ಹಾಗಾದರೆ ನಮ್ಮನ್ನೂ ಕ್ಷಮಿಸಿ. ಹೋದ ವರ್ಷ ಪೆಟ್ಟಿಗೆ ಒಡೆದು ಬಂತೆಂದು ನಿಮ್ಮನ್ನು ದೂರಿದ್ದೆವು. ಅದನ್ನು ಬೀಳಿಸಿದವರು ನಮ್ಮವರೇ.’ ಆ ಕಾಗದವನ್ನು ಅತ್ತೆಗೆ ಕನ್ನಡದಲ್ಲಿ ಓದಿ ಹೇಳಿದೆ. ಅವರು ಜಪಮಣಿ ನಿಲ್ಲಿಸಿ, ‘ಛಲೋ ಮಂದಿ. ಆ ಪೆಟಗಿ ಒಂದು ಉಪಯೋಗಕ್ಕ ಬಂತು ನೋಡು’ ಎಂದು ಕಂಪ್ಯೂಟರಿನ ಕಡೆ ನೋಡಿದರು. ಅದಕ್ಕೂ ಮೊದಲು ಅವರು ಅದನ್ನು ಮೆಚ್ಚಿದ್ದಿಲ್ಲ.

ಮೆಚ್ಚದಿರಲು ಕಾರಣ ಹುಳ. ಮಳೆಗಾಲದಲ್ಲಿ ಸಂಜೆಯಾದರೆ ಪಡಸಾಲೆಯ ಬೆಳಕಿಗೆ ರೆಕ್ಕೆಹುಳ ಬರುತ್ತವೆ, ಹುಳಕ್ಕೆ ಹಲ್ಲಿ ಬರುತ್ತದೆ. ಅತ್ತೆಗೆ ಅದನ್ನು ನೋಡಲಾಗುತ್ತಿರಲಿಲ್ಲ. ಹೊತ್ತು ಮುಳುಗಿದ ಕೂಡಲೇ ಮನೆಯ ದೀಪಗಳನ್ನೆಲ್ಲ ತಗ್ಗಿಸಿ, ಕಂಪ್ಯೂಟರಿನ ಮುಖಕ್ಕೆ ತಮ್ಮ ಸೀರೆಯ ಹೊದಿಕೆ ಎಳೆಯುತ್ತಿದ್ದರು. ಉಳಿದದ್ದು ಮೋಡೆಮ್ಮಿನ ಮೇಲೆ ಕುಣಿಯುವ ಕೆಂಪು ದೀಪ. ಅದಕ್ಕೆ ಎರಡು ವಾಯರು: ಕರೆಂಟಿನದು ದಪ್ಪ, ಫೋನಿನದು ಸಣ್ಣ. ‘ದಪ್ಪಂದು ಹೊಡಿತೈತಿ, ಸಣ್ಣದು ಏನೂ ಮಾಡಂಗಿಲ್ಲ’ ಎಂಬುದು ಅತ್ತೆಯ ವಿದ್ಯುತ್ ಶಾಸ್ತ್ರ. ದಿನಾ ಸಂಜೆ ಸಣ್ಣ ವಾಯರನ್ನು ಕಿತ್ತು ಪಕ್ಕಕ್ಕಿಡುವರು, ದೀಪ ಕುಣಿಯುವುದನ್ನು ನಿಲ್ಲಿಸುತ್ತಿತ್ತು. ಬೆಳಿಗ್ಗೆ ನಾನು ಮತ್ತೆ ಚುಚ್ಚುತ್ತಿದ್ದೆ. ಮೊದಮೊದಲು ಇದು ತಿಳಿಯದೆ ಲೈನು ಕೆಟ್ಟಿದೆ ಎಂದು ಫೋನಿನವರಿಗೆ ಮೂರು ಸಲ ದೂರು ಕೊಟ್ಟು, ಮೂರೂ ಸಲ ನಾಚಿಕೊಂಡಿದ್ದೇನೆ.

ಇನ್ನು ಊಟದ ವಿಷಯ. ಅತ್ತೆ ಸೂರ್ಯ ಮುಳುಗಿದ ಮೇಲೆ ಅನ್ನ ಮುಟ್ಟುವವರಲ್ಲ. ನಾನು ಮಧ್ಯಾಹ್ನ ಕುಪವಾಡಕ್ಕೆ ಹೋಗಿ ಮಾಲು ನೋಡಿ, ಪೆಟ್ಟಿಗೆ ಕಟ್ಟಿಸಿ, ಸಂಜೆ ಸಿಟಿ ಬಸ್ಸಿನಲ್ಲಿ ಮರಳುತ್ತಿದ್ದೆ. ಬಸ್ಸು ನನ್ನದೂ ಅಲ್ಲ, ಸೂರ್ಯನದೂ ಅಲ್ಲ. ಕೆಲವು ದಿನ ಓಡಿಬಂದು ಒಲೆ ಹಚ್ಚುವಷ್ಟರಲ್ಲಿ ಕತ್ತಲಾಗುತ್ತಿತ್ತು. ಅತ್ತೆಯ ಆರೋಗ್ಯ ಕೆಟ್ಟ ಆ ಕೊನೆಯ ಮಳೆಗಾಲದಲ್ಲಂತೂ ಬಿಸಿ ಜೋಳದ ಭಕ್ಕರಿ ತಟ್ಟಿ ಮುಂದಿಟ್ಟರೆ ‘ಹೊತ್ತಾತು, ಬ್ಯಾಡ ಬಿಡು’ ಎಂದು ತಾಟು ಸರಿಸುತ್ತಿದ್ದರು. ಸೂರ್ಯ ಇನ್ನೂ ಬೇವಿನ ಗಿಡದ ಮೇಲಿದ್ದ ದಿನಗಳಲ್ಲೂ ‘ಹೊತ್ತಾತು’ ಎಂದದ್ದುಂಟು. ಹಿಂದಿನ ದಿನ ನಾನು ತಡಮಾಡಿದ್ದಕ್ಕೆ ಇದು ಶಿಕ್ಷೆ ಎಂದುಕೊಂಡು ನಾನು ಒಳಗೊಳಗೇ ಕುದಿಯುತ್ತಿದ್ದೆ, ಹೆದರುತ್ತಲೂ ಇದ್ದೆ.

ಆಗ ಬಂದವರು ಸುಶೀಲಕ್ಕ. ನಮ್ಮವರ ಅಕ್ಕ, ಧಾರವಾಡದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ. ಅವರಿಗೆ ಇಮೇಲ್ ವಿಳಾಸ ಮಾಡಿಕೊಟ್ಟವಳೂ ನಾನೇ. ತಾಯಿಯನ್ನು ನೋಡಲೆಂದು ಬಂದು ನಾಲ್ಕು ದಿನ ಇದ್ದು ಹೋದರು. ಅವರು ಹೋದ ದಿನ ಮಧ್ಯಾಹ್ನವೇ ಪಕ್ಕದ ಮನೆಯವಳು ಗೋಡೆಯಾಚೆಯಿಂದ ನನ್ನನ್ನು ಕರೆದು ಒಂದು ಮಾತು ಮುಟ್ಟಿಸಿದಳು. ಸುಶೀಲಕ್ಕ ಬಸದಿಯಲ್ಲಿ ಹತ್ತು ಹೆಂಗಸರ ಮುಂದೆ ಅಂದಿದ್ದರಂತೆ: ‘ಸೊಸಿ ಕಾರ್ಖಾನಿ ಮಾಡತಾಳ, ನಮ್ಮವ್ವ ದಿನಾ ಹಸದು ಮಲಗತಾಳ.’

ಅಂದು ನಾನು ಕಾರ್ಖಾನೆಗೆ ಹೋಗಲಿಲ್ಲ. ಕಂಪ್ಯೂಟರಿನ ಮುಂದೆ ಕುಳಿತೆ. ಕನ್ನಡ ಅಕ್ಷರ ಆ ಯಂತ್ರಕ್ಕೆ ಗೊತ್ತಿರಲಿಲ್ಲ; ಇಂಗ್ಲಿಷ್ ಅಕ್ಷರದಲ್ಲಿಯೇ ಕನ್ನಡ ಬರೆದೆ, ಅದೂ ಎಲ್ಲ ದೊಡ್ಡಕ್ಷರ. ಹಾಗೆ ಬರೆದರೆ ಕಿರುಚಿದಂತೆ ಎಂದು ಆಮೇಲೆ ಯಾರೋ ಹೇಳಿದರು. ಅಂದು ಗೊತ್ತಿದ್ದರೂ ಹಾಗೆಯೇ ಬರೆಯುತ್ತಿದ್ದೆನೇನೋ. ಮದುವೆಯಲ್ಲಿ ನನ್ನ ತವರಿನ ಸೀರೆಯನ್ನು ಅವರು ಮೂಸಿ ನೋಡಿ ಪಕ್ಕಕ್ಕಿಟ್ಟಿದ್ದರಿಂದ ಹಿಡಿದು ಹನ್ನೊಂದು ವರ್ಷದ ಎಲ್ಲವನ್ನೂ ತೆಗೆದೆ. ‘ನಾಲ್ಕು ದಿನದ ಮಗಳಿಗೆ ನಾಲಿಗೆ ಇದೆ, ದಿನಾ ಹೇಸಿಗೆ ಬಳಿಯುವ ಸೊಸೆಗೆ ಮರ್ಯಾದೆ ಇಲ್ಲ. ನಿಮ್ಮವ್ವನನ್ನು ನೀವೇ ಒಯ್ದು ಹೊತ್ತಿಗೆ ಸರಿಯಾಗಿ ಉಣ್ಣಿಸಿ. ಇನ್ನು ಈ ಮನೆಗೆ ಬರಬೇಡಿ’ ಎಂದು ಮುಗಿಸಿದೆ. ‘ಕಳಿಸು’ ಎಂದು ಒತ್ತಿದೆ. ಕಿಟಕಿಯಾಚೆ ಬಿಸಿಲು ಕೆಂಪಾಗಿತ್ತು. ಅತ್ತೆಯ ಊಟದ ಹೊತ್ತು ಎಂದು ಎದ್ದು ಅಡುಗೆಮನೆಗೆ ಓಡಿದೆ. ಮೋಡೆಮ್ಮು ಇನ್ನೂ ಕಿರುಚುತ್ತಿತ್ತು, ಪತ್ರ ಹೋಯಿತೋ ಇಲ್ಲವೋ ನೋಡಲಿಲ್ಲ. ಅಂದೂ ಅತ್ತೆ ತಾಟು ಸರಿಸಿದರು.

ಮರುದಿನ ಬೆಳಿಗ್ಗೆ ಅವರಿಗೆ ಉಸಿರು ಕಟ್ಟಿಕೊಂಡಿತು. ರಿಕ್ಷಾದಲ್ಲಿ ದವಾಖಾನೆಗೆ ಒಯ್ದೆವು. ಸಂಜೆಯ ರೈಲಿಗೆ ಸುಶೀಲಕ್ಕ ಮರಳಿ ಬಂದರು. ‘ಲೈಬ್ರರಿಗೆ ಹೋಗಿ ರಜಾ ಬರದ ಕೊಟ್ಟ ಬಂದೇನಿ’ ಎಂದರು. ಲೈಬ್ರರಿಗೆ ಹೋದರೆ ಮೊದಲು ಇಮೇಲ್ ನೋಡುವವರು ಅವರು. ನನ್ನ ಪತ್ರ ಓದಿಯೇ ಬಂದಿದ್ದಾರೆ ಎಂದುಕೊಂಡೆ. ಅವರು ಬಂದವರೇ ವಾರ್ಡಿನ ಬಾಗಿಲಲ್ಲಿ ನನ್ನನ್ನು ಬಿಗಿಯಾಗಿ ಅಪ್ಪಿಕೊಂಡು, ‘ಪದ್ಮಾ, ನೀ ಇದ್ದಿ ಅಂತ ಅವ್ವ ಇಷ್ಟ ದಿನಾ ಉಳದಾಳ’ ಎಂದು ಅತ್ತರು. ಅಂಥ ಪತ್ರ ಓದಿದ ಮೇಲೂ ಹೀಗೆ ಅಪ್ಪಿಕೊಳ್ಳಬೇಕಾದರೆ ಇವರು ಮನುಷ್ಯರಲ್ಲ, ದೇವರು ಎನ್ನಿಸಿತು.

ಮೂರು ವಾರಕ್ಕೆ ಅತ್ತೆ ದವಾಖಾನೆಯಲ್ಲೇ ತೀರಿಕೊಂಡರು. ಅಷ್ಟೂ ದಿನ ಮನೆಯ ಕಂಪ್ಯೂಟರನ್ನು ಯಾರೂ ಮುಟ್ಟಲಿಲ್ಲ. ಮನೆಯ ಫೋನನ್ನು ಕಾರ್ಖಾನೆಗೆ ವರ್ಗ ಮಾಡಿಸಿ ಅಲ್ಲಿಯೇ ಒಂದು ಕೋಣೆ, ಹೊಸ ಕಂಪ್ಯೂಟರು ಮಾಡಿಕೊಂಡೆವು. ಮನೆಯದು ಮಕ್ಕಳ ಆಟಕ್ಕೆ ಉಳಿಯಿತು, ಆಮೇಲೆ ಹೊದಿಕೆಯಡಿ ಮಲಗಿತು.

ಸುಶೀಲಕ್ಕ ಆ ಪತ್ರದ ವಿಷಯ ಒಂದು ದಿನವೂ ಎತ್ತಲಿಲ್ಲ. ಆ ವರ್ಷದ ಕ್ಷಮಾವಣಿಗೆ ಫೋನು ಮಾಡಿ, ‘ಅಕ್ಕಾ, ನಾ ಬರದದ್ದು ಮನಸಿಗೆ ಹಚ್ಕೋಬ್ಯಾಡ್ರಿ’ ಎಂದರೆ, ‘ಏನ್ ಬರದೀಯವಾ ನೀ? ನನಗೇನೂ ನೆನಪಿಲ್ಲ. ನೀನ ನನಗ ಕ್ಷಮಾ ಮಾಡು’ ಎಂದರು. ಇಷ್ಟು ದೊಡ್ಡ ಮನಸ್ಸಿನವರ ಎದುರು ಸಣ್ಣತನ ಮಾಡಲು ನನಗೆ ಸಾಧ್ಯವೇ ಆಗಲಿಲ್ಲ. ವಾರಕ್ಕೊಮ್ಮೆ ಫೋನು ಮಾಡಿದೆ, ಬೇದಾಣಿ, ಅಂದರೆ ಒಣದ್ರಾಕ್ಷಿ, ಹೊಸದು ಬಂದರೆ ಮೊದಲ ಡಬ್ಬಿ ಧಾರವಾಡಕ್ಕೆ ಕಳಿಸಿದೆ, ಅವರ ಮಂಡಿ ಆಪರೇಶನ್ ಆದಾಗ ತಿಂಗಳು ಹೋಗಿ ಇದ್ದೆ. ಅತ್ತೆ-ಸೊಸೆ, ನಾದಿನಿ-ಅತ್ತಿಗೆ ಎಂದು ಯಾರಾದರೂ ನನ್ನ ಮುಂದೆ ಗೋಳು ತೋಡಿಕೊಂಡರೆ, ಸುಶೀಲಕ್ಕನ ಕಥೆ ಹೇಳಿ ಬುದ್ಧಿ ಹೇಳುವಷ್ಟು ಮುಂದುವರಿದೆ. ಹೀಗೆ ಹನ್ನೆರಡು ವರ್ಷ.

ಒಂದು ಮಾತು ಮಾತ್ರ ಯಾರಿಗೂ ಹೇಳಲಿಲ್ಲ. ಬಸದಿಯಲ್ಲಿ ಅವರು ಅಂದದ್ದು ನಿಜವಾಗಿತ್ತೇ? ಅತ್ತೆ ಮನೆಯಲ್ಲಿ ಕಳೆದ ಕೊನೆಯ ರಾತ್ರಿಯೂ ಹಸಿದು ಮಲಗಿದರೇ? ಅತ್ತೆ ಹೋದಾಗ ಎಲ್ಲರೂ ಅತ್ತರು, ನನಗೆ ಅಳು ಬರಲಿಲ್ಲ. ಅಳುವ ಹಕ್ಕು ನನಗಿಲ್ಲ ಎನ್ನಿಸಿತ್ತು. ಆ ವರ್ಷಗಳಲ್ಲೆಲ್ಲ ಹೊತ್ತು ಇಳಿಯುವ ವೇಳೆಗೆ ಸಾಂಗಲಿಯ ಪೇಟೆಯಲ್ಲಿದ್ದರೂ ಸರಿ, ಲಗ್ನದ ಪಂಕ್ತಿಯಲ್ಲಿದ್ದರೂ ಸರಿ, ನನ್ನ ಕಣ್ಣು ಸೂರ್ಯನನ್ನು ಹುಡುಕುತ್ತಿತ್ತು.

ಈಗ ಕಂಪ್ಯೂಟರ್ ರಿಪೇರಿಯ ಮುಲ್ಲಾ ಭಾವು ಅವರ ಪ್ರವೇಶ; ಭಾವು ಎಂದರೆ ಮರಾಠಿಯಲ್ಲಿ ಅಣ್ಣ. ಒಂದು ದಿನ ನಾಸಿಕದ ಅದೇ ಹಳೆಯ ಗಿರಾಕಿ ಫೋನು ಮಾಡಿ, ತಮಗೆ ಮೊದಲು ಕೊಟ್ಟಿದ್ದ ನಾಝಲ್ಲೇ ಮತ್ತೆ ಬೇಕೆಂದರು. ಅದರ ಅಳತೆಯೆಲ್ಲ ಮನೆಯ ಕಂಪ್ಯೂಟರಿನ ಹಳೆಯ ಟಪಾಲಿನಲ್ಲಿತ್ತು. ಆ ಯಂತ್ರ ಕೊನೆಯುಸಿರೆಳೆಯುತ್ತಿತ್ತು. ಹೊಸದೊಂದು ತಂದೆವು, ಪುಸ್ತಕದಂತೆ ಮಡಚುವುದು. ಹಳೆಯ ಟಪಾಲನ್ನೂ ಆ ಹಳೆಯ ಪ್ರೋಗ್ರಾಮನ್ನೂ ಹಾಗೆಯೇ ಅದರಲ್ಲಿ ಕೂರಿಸಿಕೊಡಬೇಕೆಂದು ನಾನು ಹಟ ಹಿಡಿದೆ. ಹೊಸದನ್ನು ಕಲಿಯುವ ವಯಸ್ಸಲ್ಲ ಎಂದೆ. ಸೋಮಾರಿತನಕ್ಕೆ ವಯಸ್ಸಿನ ಹೆಸರು ಕೊಡುವುದು ಸುಲಭ. ಮುಲ್ಲಾ ಭಾವು ಮೊದಲು ಫೋನಿನ ಕಂಬ ಹತ್ತುವ ಕೆಲಸದಲ್ಲಿದ್ದವರು, ನಿವೃತ್ತಿಯಾದ ಮೇಲೆ ಕಂಪ್ಯೂಟರ್ ರಿಪೇರಿ ಕಲಿತವರು. ನಮ್ಮ ಮೂರು ಸುಳ್ಳು ದೂರುಗಳಿಗೆ ಅಂದು ಸೈಕಲ್ ತುಳಿದು ಬಂದವರೂ ಅವರೇ.

ಪ್ರೋಗ್ರಾಮು ತೆರೆಯಿತು, ಹಳೆಯ ಪತ್ರಗಳೆಲ್ಲ ಬಂದವು, ನಾಸಿಕದ ಅಳತೆ ಸಿಕ್ಕಿತು. ಆದರೆ ಸರ್ವರ್ ಮಾತ್ರ ಸಿಗಲಿಲ್ಲ. ನಮ್ಮವರು ‘ಪಾಸ್‌ವರ್ಡ್ ಬದಲಿಸಿ ನೋಡ್ರಿ, ಆ್ಯಂಟಿವೈರಸ್ ತಗೀರಿ, ಎಲ್ಲಾ ತಗದು ಮತ್ತ ಹಾಕ್ರಿ’ ಎಂದು ಒಂದೇ ಉಸಿರಿನಲ್ಲಿ ಹೇಳಿದರು.

‘ಸಾವಕಾರ್ರ, ಒಂದ ಸಲಕ್ಕ ಒಂದ ಬದಲ ಮಾಡೂಣ್ರಿ’ ಎಂದರು ಮುಲ್ಲಾ ಭಾವು. ‘ನಾಕು ಒಮ್ಮೆಲೇ ಮಾಡಿದ್ರ, ಯಾವದರಿಂದ ಸುದ್ದ ಆತು, ಯಾವದರಿಂದ ಕೆಟ್ಟತು, ಹ್ಯಾಂಗ ಗೊತ್ತಾಗಬೇಕ?’

ಅವರ ಬಳಿ ಒಂದು ಹಳೆಯ ಡೈರಿ. ಏನು ಬದಲಿಸಿದರೋ ಬರೆಯುವರು. ಫಲ ಸಿಗದಿದ್ದರೆ ಅದನ್ನು ಮೊದಲಿನಂತೆ ಮಾಡಿ, ಅಡ್ಡಗೆರೆ ಎಳೆದು, ಮುಂದಿನದಕ್ಕೆ ಕೈಹಾಕುವರು. ಗಡಿಯಾರ ನೋಡಿದರು, ತಾರೀಖು ನೋಡಿದರು, ಪಾಸ್‌ವರ್ಡ್ ನೋಡಿದರು, ಆ್ಯಂಟಿವೈರಸ್ ತೆಗೆದು ಮತ್ತೆ ಹಾಕಿದರು. ಎರಡು ದಿನ, ಏಳು ಕಪ್ ಚಹಾ. ‘ಯಂತ್ರ ಸುಳ್ಳ ಹೇಳಂಗಿಲ್ಲ ವೈನಿ, ಪೂರಾ ಹೇಳಂಗಿಲ್ಲ, ಅಷ್ಟ’ ಎನ್ನುತ್ತಿದ್ದರು. ಅವರ ಕೆಲಸ ನೋಡುತ್ತ ನನಗೆ ನನ್ನ ಸ್ವಭಾವದ ಬಗ್ಗೆ ಸಂಕೋಚವಾಯಿತು. ಒಂದು ಮಾತು ಕೇಳಿದ ಕೂಡಲೇ ಹನ್ನೊಂದು ವರ್ಷವನ್ನೆಲ್ಲ ಒಟ್ಟಿಗೆ ಕಲಕಿದವಳು ನಾನು.

ಕೊನೆಗೆ ಕಾರಣ ಸಿಕ್ಕಿತು. ಈಗಿನ ಸರ್ವರುಗಳು ಗುಟ್ಟಿನ ಬೀಗದ ಮಾತಿನಲ್ಲಿ ಮಾತ್ರ ವ್ಯವಹರಿಸುತ್ತವಂತೆ. ನಮ್ಮ ಪ್ರೋಗ್ರಾಮಿಗೆ ಹಳೆಯ ಕಾಲದ ಬಿಚ್ಚುಮಾತು ಮಾತ್ರ ಗೊತ್ತು. ‘ಇದು ಕನ್ನಡದಾಗ ಕೂಗತೈತಿ, ಅದಕ್ಕ ಮರಾಠಿ ಅಷ್ಟ ತಿಳಿತೈತಿ. ನಡುವ ನಮ್ಮಂಥಾವ್ರು ಒಬ್ರು ಬೇಕ್ರಿ’ ಎಂದು, ಎರಡೂ ಮಾತು ಬಲ್ಲ ಒಂದು ಸಣ್ಣ ಪ್ರೋಗ್ರಾಮನ್ನು ಮಧ್ಯೆ ಕೂರಿಸಿದರು. ನಮ್ಮವರು ‘ಝಾಲಂ! ಝಾಲಂ!’, ಆಯಿತು ಆಯಿತು, ಎಂದು ಮರಾಠಿಯಲ್ಲಿ ಕುಣಿದರು.

‘ಔಟ್‌ಬಾಕ್ಸಿನ್ಯಾಗ ಒಂದು ಕಾಗದ ಕುಂತಿತ್ತು ನೋಡ್ರಿ ವೈನಿ, ಅದೂ ಹೊಂಟತು’ ಎಂದರು ಮುಲ್ಲಾ ಭಾವು.

ಬಗ್ಗಿ ನೋಡಿದೆ. ಸುಶೀಲಕ್ಕನ ವಿಳಾಸ. ಹನ್ನೆರಡು ವರ್ಷದ ಹಿಂದಿನ ತಾರೀಖು, ಸಂಜೆ ಆರೂಮುಕ್ಕಾಲು. ಮೋಡೆಮ್ಮು ಸರ್ವರನ್ನು ಹಿಡಿಯುವ ಮೊದಲೇ ಅತ್ತೆ ಆ ಸಂಜೆಯೂ ಗೋಡೆ ಹಿಡಿದುಕೊಂಡು ಬಂದು ಸಣ್ಣ ವಾಯರು ಕಿತ್ತಿದ್ದರು. ಪತ್ರ ಮನೆ ಬಿಟ್ಟೇ ಇರಲಿಲ್ಲ. ಅದನ್ನು ನಿಲ್ಲಿಸಲು ನಾನು ಹೊಸ ಕಂಪ್ಯೂಟರಿನ ಹಿಂದೆ, ಕೆಳಗೆ, ಎಡಕ್ಕೆ, ಬಲಕ್ಕೆ ಕೈಯಾಡಿಸಿದೆ, ಕೀಳಲು ಒಂದಾದರೂ ವಾಯರು ಸಿಗಬಹುದೆಂದು. ಈಗಿನ ನೆಟ್‌ವರ್ಕಿಗೆ ವಾಯರೇ ಇಲ್ಲ, ಗಾಳಿಯಲ್ಲಿ ಬರುತ್ತದೆ. ‘ಏನ್ ಹುಡುಕತೀರಿ ವೈನಿ?’ ಎನ್ನುವಷ್ಟರಲ್ಲಿ ಔಟ್‌ಬಾಕ್ಸು ಖಾಲಿಯಾಯಿತು. ಆ ವರ್ಷದ ಕ್ಷಮಾವಣಿ ಮುಗಿದು ಎಂಟು ದಿನವೂ ಆಗಿರಲಿಲ್ಲ.

ಆಮೇಲಿನ ಎರಡು ದಿನ ನಾನು ಹೇಗಿದ್ದೆನೋ ಕೇಳಬೇಡಿ. ಸುಶೀಲಕ್ಕನಿಗೆ ಈಗ ಎಪ್ಪತ್ತು. ದಿನಾ ಬೆಳಿಗ್ಗೆ ಚಹಾ ಕುಡಿಯುತ್ತ ಫೋನಿನಲ್ಲಿ ಟಪಾಲು ನೋಡುವವರು. ನನಗೆ ತವರಿನಲ್ಲಿಯೂ ಈಗ ಅಷ್ಟು ಹತ್ತಿರದವರು ಯಾರೂ ಇಲ್ಲ. ಹನ್ನೆರಡು ವರ್ಷ ಕಟ್ಟಿದ್ದು ಒಂದು ಗುಂಡಿ ಒತ್ತಿದ್ದಕ್ಕೆ ಹೋಯಿತಲ್ಲ ಎಂದು ಮರುಗಿದೆ. ಅದಕ್ಕಿಂತ ವಿಚಿತ್ರವೆಂದರೆ, ಅವರು ಕ್ಷಮಿಸಿಯೇ ಇರಲಿಲ್ಲ. ಕ್ಷಮಿಸಲು ಅವರಿಗೆ ಏನೂ ತಲುಪಿರಲೇ ಇಲ್ಲ. ಮರುದಿನ ಅವರ ಫೋನು ನಾಲ್ಕು ಸಲ ಬಂತು. ನಾನು ಎತ್ತಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಬಾಗಿಲು ತೆರೆದರೆ ಸುಶೀಲಕ್ಕ. ಹೆಗಲಿಗೆ ಚೀಲ, ಕೈಯಲ್ಲಿ ಮಡಚಿದ ಮೂರು ಹಾಳೆ.

‘ಫೋನ್ ಯಾಕ ಎತ್ತಂಗಿಲ್ಲ?’

‘ನೆಟ್‌ವರ್ಕ್ ಇದ್ದಿಲ್ರಿ ಅಕ್ಕಾ.’

‘ಹೌದಾ? ಈ ಕಾಗದಕ್ಕ ಬರೊಬ್ಬರಿ ಸಿಕ್ಕೇತಲ್ಲ.’ ಅವರು ಕುರ್ಚಿಯಲ್ಲಿ ಕುಳಿತು ಉಸಿರು ಬಿಟ್ಟರು. ‘ಫೋನಿನ್ಯಾಗ ಆ ಇಂಗ್ಲಿಷ್ ಅಕ್ಷರದ ಕನ್ನಡಾ ಓದಾಕ ಬರಲಿಲ್ಲ. ಝೆರಾಕ್ಸ್ ಅಂಗಡ್ಯಾಗ ಪ್ರಿಂಟ್ ತಗಸೇನಿ. ಅಂಗಡ್ಯಾಂವ ಪೂರಾ ಓದ್ಯಾನ. ಇವರು ಯಾರ್ರಿ ಅಜ್ಜೀ, ಭಾಳ ಸಿಟ್ಟಿನಾಗ ಅದಾರಲ್ಲ, ಅಂತ ಕೇಳಿದಾ.’

ನಾನು ಅವರ ಕಾಲ ಬಳಿ ನೆಲದ ಮೇಲೆ ಕುಳಿತೆ. ಹಳೆಯ ಕಂಪ್ಯೂಟರು, ಕಿತ್ತ ವಾಯರು, ಔಟ್‌ಬಾಕ್ಸು, ಎಲ್ಲ ತಡವರಿಸಿ ಹೇಳಿದೆ. ‘ಅಕ್ಕಾ, ನೀವು ಅವಾಗ ಓದಿ ಕ್ಷಮಾ ಮಾಡೀರಿ ಅಂತ ತಿಳಕೊಂಡಿದ್ನಿರಿ.’

‘ಕ್ಷಮಾನೂ ಇಲ್ಲ, ಏನೂ ಇಲ್ಲ. ಅವಾಗ ಓದಿದ್ರ ಈ ಮನಿ ಮೆಟ್ಟಲಾ ಹತ್ತತಿದ್ದಿಲ್ಲ ನಾ. ಖರೇ ಹೇಳತೇನಿ. ಮೊನ್ನೆ ಓದಿದಾಗೂ ಅರ್ಧಾ ದಿನಾ ಸಿಟ್ಟ ಇತ್ತು.’

‘ಮತ್ತ ದವಾಖಾನ್ಯಾಗ ನನ್ನ ಅಪ್ಪಿಕೊಂಡ ಅತ್ತದ್ದು ಯಾಕ್ರಿ?’

ಸುಶೀಲಕ್ಕ ಹಾಳೆಗಳನ್ನು ತೊಡೆಯ ಮೇಲೆ ಹರವಿ ಸವರಿದರು. ಅವರ ಮುಖದಲ್ಲಿ ನಾನೆಂದೂ ಕಾಣದ ನಾಚಿಕೆಯಿತ್ತು.

‘ಬಸದಿ ಮಾತು ನಿನಗ ಮುಟ್ಟೇ ಇಲ್ಲಾ ಅಂತ ತಿಳದಿದ್ದೆ ಪದ್ಮಾ. ಮುಟ್ಟಲಾರದ್ದನ್ನ ನಾನ ಯಾಕ ಎತ್ತಲಿ ಅಂತ ಇಷ್ಟ ವರ್ಷ ಬಾಯಿ ಮುಚ್ಕೊಂಡ ಕುಂತೆ. ಈ ಕಾಗದಾ ಓದಿದ ಮ್ಯಾಲೆ ಗೊತ್ತಾತು, ಅದನ್ನ ಹೊಟ್ಟ್ಯಾಗ ಇಟಗೊಂಡ ನೀ ನನ್ನ ಮಂಡಿಗೆ ಎಣ್ಣಿ ತಿಕ್ಕೀದಿ ಅಂತ. ಆ ಮಾತು ಸುಳ್ಳು. ನಾ ಬಸದ್ಯಾಗ ಆಡಿದ್ದು ಅವ್ವಗ ಮುಟ್ಟಿತ್ತು, ಮರುದಿನಾ ನನ್ನ ಕರದು ಬೈದ್ಲು. ಚಾತುರ್ಮಾಸ ಮುಗಿಯೂತನಾ ಒಪ್ಪತ್ತು ಹಿಡದೇನಿ, ಒಂದ ಹೊತ್ತ ಉಣತೇನಿ, ಸಂಜೀಕ ಹಸಿವ ಆಗಂಗಿಲ್ಲ, ಸೊಸೀದು ಏನೂ ತಪ್ಪಿಲ್ಲ ಅಂದ್ಲು. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿದ್ಲು. ನಾ ಆಣಿ ನೆಪಾ ಮಾಡಿ ನನ್ನ ತಪ್ಪು ಮುಚ್ಚಿಟ್ಟೆ. ಅದಕ್ಕ ಅವತ್ತ ಅಳು ಬಂತು.’

‘ನನಗ್ಯಾಕ ಹೇಳಲಿಲ್ರಿ ಅವರು? ನಾ ದಿನಾ ತಾಟು ಹಿಡಕೊಂಡ ನಿಂದರತಿದ್ದೆ.’

‘ಅದನ್ನ ನಾನೂ ಕೇಳಿದೆ. ಏನಂದ್ಲು ಗೊತ್ತೈತೇನು? ಆಕೀಗ ಗೊತ್ತಾದ್ರ, ಗುಳಿಗಿ ತಗೊಳ್ಳಾಕ ಉಣ್ರಿ ಅಂತ ಕೈತುತ್ತು ಹಿಡಕೊಂಡ ಕುಂದರತಾಳ. ಡಾಕ್ಟರಗ ಇಲ್ಲ ಅಂದೇನು, ನಿನಗ ಇಲ್ಲ ಅಂದೇನು, ಆಕೀಗ ಇಲ್ಲ ಅನ್ನಾಕ ನನಗ ಆಗಂಗಿಲ್ಲ, ಅಂದ್ಲು.’

ನಾನು ಸುಶೀಲಕ್ಕನ ತೊಡೆಯ ಮೇಲೆ, ಆ ಮೂರು ಹಾಳೆಗಳ ಮೇಲೆಯೇ ತಲೆಯಿಟ್ಟೆ. ಹನ್ನೆರಡು ವರ್ಷ ಬಾರದ ಅಳು ಬಂತು. ಅವರು ನನ್ನ ಬೆನ್ನು ಸವರುತ್ತ, ಸಣ್ಣ ಮಗುವಿಗೆ ಹೇಳುವ ಹಾಗೆ ಮತ್ತೆ ಮತ್ತೆ ಹೇಳುತ್ತಿದ್ದರು: ‘ಅವ್ವ ಹಸದು ಮಲಗಿರಲಿಲ್ಲ ಪದ್ಮಾ. ಅವ್ವ ಹಸದು ಮಲಗಿರಲಿಲ್ಲ.’